ಮಧುಮೇಹವೂ ಹೃದಯಕೋಶದ ವಿದ್ಯುತ್ತೂ

ಮಧುಮೇಹಿಗಳಿಗೆ ಹೃದ್ರೋಗದ ಅಪಾಯ ಹೆಚ್ಚೆಂಬುದು ಎಲ್ಲರೂ ಬಲ್ಲ ವಿಷಯ. ಆದರೆ ಹೃದ್ರೋಗವೆಂದೊಡನೆ ನಮ್ಮ ಮನಸ್ಸು ರಕ್ತನಾಳಗಳ ಕಡೆಗೇ ಹೋಗುತ್ತದೆ: ಕೊಬ್ಬು ಕಟ್ಟಿಕೊಂಡ ನಾಳ, ಆಂಜಿಯೋಗ್ರಾಂ, ಸ್ಟೆಂಟ್. ಹೃದಯದ ಸ್ನಾಯುಕೋಶಗಳ ವಿದ್ಯುತ್ ಚಟುವಟಿಕೆಯನ್ನೂ ಮಧುಮೇಹ ಕೆಡಿಸಬಲ್ಲದು ಎಂಬ ಸಂಗತಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ, ಮೈಸೂರಿನಿಂದ ಅಮೆರಿಕದಲ್ಲಿರುವ ಮಗನ ಮನೆಗೆ ಬಂದಿದ್ದ 68 ವರ್ಷದ ಮಹಿಳೆಯೊಬ್ಬರನ್ನು ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಕರೆತಂದರು. ಪೂಜೆ ಮುಗಿಸಿ ಏಳುವಾಗ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಅಂದು ಏಕಾದಶಿ, ಉಪವಾಸವಿದ್ದರೂ ಸಕ್ಕರೆಯ ಮಾತ್ರೆಯನ್ನು ಎಂದಿನಂತೆ ನುಂಗಿದ್ದರು. ಆಂಬ್ಯುಲೆನ್ಸಿನಲ್ಲಿ ಅಳೆದಾಗ ರಕ್ತದ ಸಕ್ಕರೆ 52 ಇತ್ತು. ಆಂಜಿಯೋಗ್ರಾಂನಲ್ಲಿ ಹೇಳಿಕೊಳ್ಳುವಂಥ ಅಡಚಣೆ ಕಾಣಲಿಲ್ಲ. "ಹಾಗಾದರೆ ಅಮ್ಮನ ಹೃದಯ ಸರಿಯಾಗಿದೆ ಅಲ್ಲವೇ ಡಾಕ್ಟರೇ?" ಎಂದು ಮಗ ಕೇಳಿದರು. ಹಾಗೆನ್ನಲು ನನಗೆ ಸಾಧ್ಯವಾಗಲಿಲ್ಲ. ಸಕ್ಕರೆಯನ್ನು ಸರಿಪಡಿಸಿದ ಮೇಲೂ ಅವರ ಇ.ಸಿ.ಜಿ.ಯಲ್ಲಿ ಕ್ಯೂಟಿ ಎಂಬ ಅವಧಿ 520 ಮಿಲಿಸೆಕೆಂಡುಗಳಷ್ಟಿತ್ತು. ಆ ಅಂಕಿಯ ಅರ್ಥ ತಿಳಿಯಬೇಕಾದರೆ ಒಂದು ಕೋಶದೊಳಗೆ ಇಣುಕಬೇಕು.

ಒಂದು ಮಿಡಿತದಲ್ಲಿ ನಡೆಯುವುದೇನು?

ಹೃದಯದ ಸ್ನಾಯುಕೋಶ ಒಂದು ಪುಟ್ಟ ಬ್ಯಾಟರಿಯಿದ್ದಂತೆ. ವಿಶ್ರಾಂತಿಯಲ್ಲಿರುವಾಗ ಕೋಶದ ಒಳಭಾಗ ಹೊರಭಾಗಕ್ಕಿಂತ ಸುಮಾರು 90 ಮಿಲಿವೋಲ್ಟ್‌ಗಳಷ್ಟು ಋಣಾತ್ಮಕವಾಗಿರುತ್ತದೆ. ಮಿಡಿತದ ಸಂಕೇತ ತಲುಪಿದೊಡನೆ ಕೋಶಪೊರೆಯಲ್ಲಿರುವ ಸೋಡಿಯಂ ದ್ವಾರಗಳು ತೆರೆದು, ಒಂದೆರಡು ಮಿಲಿಸೆಕೆಂಡುಗಳಲ್ಲಿ ಸೋಡಿಯಂ ಒಳನುಗ್ಗುತ್ತದೆ. ಅದರ ಬೆನ್ನಿಗೇ ಕ್ಯಾಲ್ಸಿಯಂ ಒಳಬಂದು ಸ್ನಾಯುವನ್ನು ಸಂಕುಚಿಸುತ್ತದೆ. ಕೊನೆಗೆ ಪೊಟ್ಯಾಷಿಯಂ ಹೊರಹರಿದು ಕೋಶವನ್ನು ಮತ್ತೆ ಮೊದಲಿನ ಸ್ಥಿತಿಗೆ ತರುತ್ತದೆ. ಇಷ್ಟೆಲ್ಲ ನಡೆಯುವುದು ಸುಮಾರು 300 ಮಿಲಿಸೆಕೆಂಡುಗಳಲ್ಲಿ.

ಇ.ಸಿ.ಜಿ.ಯ ಕ್ಯೂಟಿ ಅವಧಿಯೆಂದರೆ ಹೃದಯದ ಕೆಳಕೋಣೆಗಳ ಕೋಶಗಳು ಪ್ರಚೋದನೆಗೊಂಡು ಮತ್ತೆ ಸಿದ್ಧವಾಗುವವರೆಗಿನ ಒಟ್ಟು ಕಾಲ. ನಾಡಿಯ ವೇಗಕ್ಕೆ ಹೊಂದಿಸಿ ಲೆಕ್ಕಹಾಕಿದಾಗ ಗಂಡಸರಲ್ಲಿ 450, ಹೆಂಗಸರಲ್ಲಿ 460 ಮಿಲಿಸೆಕೆಂಡುಗಳನ್ನು ಮೀರಿದರೆ ದೀರ್ಘವೆನ್ನುತ್ತೇವೆ. 500 ದಾಟಿದರೆ ಅಪಾಯದ ಗಂಟೆ. ಕೋಶಗಳು ಪೂರ್ತಿ ಚೇತರಿಸಿಕೊಳ್ಳುವ ಮೊದಲೇ ಅಕಾಲಿಕ ಮಿಡಿತವೊಂದು ಬಂದರೆ ಹೃದಯ ತಾಳತಪ್ಪಿ, ರಕ್ತವನ್ನು ಪಂಪುಮಾಡಲಾರದೆ ಕಂಪಿಸತೊಡಗಬಹುದು. ಇಂಥ ಒಂದು ತಾಳಭಂಗವನ್ನು ಫ್ರೆಂಚ್ ವೈದ್ಯ ದೆಸೆರ್ತೆನ್ 1966ರಲ್ಲಿ ವಿವರಿಸಿ, ಇ.ಸಿ.ಜಿ.ಯ ಅಲೆಗಳು ತಿರುಚಿಕೊಂಡಂತೆ ಕಾಣುವುದರಿಂದ ಅದಕ್ಕೆ 'ಟೊರ್ಸಾಡ್ ದ ಪ್ವಾಂಟ್' ಎಂದು ಹೆಸರಿಟ್ಟರು.

ಮಧುಮೇಹ ಎಲ್ಲೆಲ್ಲಿ ಕೈಹಾಕುತ್ತದೆ?

ಮೊದಲನೆಯದು ಪೊಟ್ಯಾಷಿಯಂ ದ್ವಾರ. ಮೇದೋಜೀರಕದ ಇನ್ಸುಲಿನ್ ಕೋಶಗಳನ್ನು ರಾಸಾಯನಿಕದಿಂದ ನಾಶಮಾಡಿ ಮಧುಮೇಹ ಬರಿಸಿದ ಇಲಿಗಳ ಹೃದಯಕೋಶಗಳಲ್ಲಿ ಪೊಟ್ಯಾಷಿಯಂ ಪ್ರವಾಹ ಕುಗ್ಗಿರುವುದು ಪ್ರಯೋಗಗಳಿಂದ ತಿಳಿದಿದೆ. ಅದೇ ಕೋಶಗಳನ್ನು ಹಲವು ಗಂಟೆ ಇನ್ಸುಲಿನ್‌ನಲ್ಲಿಟ್ಟಾಗ ಪ್ರವಾಹ ಚೇತರಿಸಿಕೊಂಡಿತು. ಅಂದರೆ ಇನ್ಸುಲಿನ್ ಸಕ್ಕರೆಯನ್ನು ಇಳಿಸುವುದಷ್ಟೇ ಅಲ್ಲ, ಈ ದ್ವಾರಗಳನ್ನು ಸುಸ್ಥಿತಿಯಲ್ಲಿಡಲೂ ಬೇಕು. ಇಲಿಯ ಹೃದಯ ನಮ್ಮದಕ್ಕಿಂತ ಬಹಳ ವೇಗವಾಗಿ ಮಿಡಿಯುತ್ತದೆ. ಅದು ಮುಖ್ಯವಾಗಿ ಅವಲಂಬಿಸುವ ದ್ವಾರವೂ ಬೇರೆ. ಆದರೆ ಈ ವಿಷಯದಲ್ಲಿ ನಮಗೆ ಹೆಚ್ಚು ಹತ್ತಿರವಾದ ಮೊಲದ ಹೃದಯದಲ್ಲಿಯೂ, ನಮ್ಮಲ್ಲಿ ಮುಖ್ಯವಾದ ಪೊಟ್ಯಾಷಿಯಂ ದ್ವಾರಗಳೇ ಮಧುಮೇಹದಿಂದ ದುರ್ಬಲವಾಗುವುದು ಕಂಡುಬಂದಿದೆ. ಪೊಟ್ಯಾಷಿಯಂ ನಿಧಾನವಾಗಿ ಹೊರಹೋದರೆ ಕೋಶದ ಚೇತರಿಕೆ ತಡವಾಗುತ್ತದೆ, ಕ್ಯೂಟಿ ಉದ್ದವಾಗುತ್ತದೆ.

ಎರಡನೆಯದು ಕ್ಯಾಲ್ಸಿಯಂ. ಹೃದಯಕೋಶದೊಳಗೆ ಕ್ಯಾಲ್ಸಿಯಂ ಕೂಡಿಡುವ ಉಗ್ರಾಣವೊಂದಿದೆ. ಅದರ ಬಾಗಿಲನ್ನು ನಿಯಂತ್ರಿಸುವ ಕಿಣ್ವಗಳಲ್ಲೊಂದರ ಮೇಲೆ, ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ, ಸಕ್ಕರೆಯಿಂದಾದ ಅಣುವೊಂದು ಅಂಟಿಕೊಳ್ಳುತ್ತದೆ. ಕಿಣ್ವ ಆರದ ದೀಪದಂತೆ ಸದಾ ಕ್ರಿಯಾಶೀಲವಾಗಿಬಿಡುತ್ತದೆ. ಇದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2013ರಲ್ಲಿ ತೋರಿಸಿದರು. ಆಗ ಉಗ್ರಾಣದಿಂದ ಸೋರುವ ಕ್ಯಾಲ್ಸಿಯಂ ಅಕಾಲಿಕ ಮಿಡಿತಗಳನ್ನು ಹುಟ್ಟಿಸಬಲ್ಲದು. ಒಂದು ಕಡೆ ಚೇತರಿಕೆ ತಡ, ಇನ್ನೊಂದು ಕಡೆ ಅಕಾಲಿಕ ಕಿಡಿ: ಇವೆರಡೂ ಒಟ್ಟಿಗೆ ಸೇರುವುದೇ ಅಪಾಯ.

ಮೂರನೆಯದು ನರಗಳು. ಹೃದಯವನ್ನು ಶಾಂತಗೊಳಿಸುವ ವೇಗಸ್ ನರ ಬಹುಕಾಲದ ಮಧುಮೇಹದಿಂದ ಹಾಳಾಗಬಹುದು. ಸುಮ್ಮನೆ ಕುಳಿತಿದ್ದಾಗಲೂ ನಾಡಿ ನೂರರ ಆಸುಪಾಸಿನಲ್ಲಿದ್ದರೆ ಇದನ್ನೂ ಶಂಕಿಸಬೇಕು.

ಸಕ್ಕರೆ ಇಳಿದಾಗ

ಏರಿದ ಸಕ್ಕರೆಗೆ ಹೆದರುವ ನಾವು ಇಳಿದ ಸಕ್ಕರೆಯನ್ನು ಹಗುರವಾಗಿ ಕಾಣುತ್ತೇವೆ. ಸಕ್ಕರೆ ಕುಸಿದಾಗ ದೇಹ ಅಡ್ರಿನಲಿನ್ ಸುರಿಸುತ್ತದೆ. ಅದು ರಕ್ತದಲ್ಲಿರುವ ಪೊಟ್ಯಾಷಿಯಂ ಅನ್ನು ಕೋಶಗಳೊಳಗೆ ತಳ್ಳುತ್ತದೆ. ರಕ್ತದಲ್ಲಿ ಪೊಟ್ಯಾಷಿಯಂ ಕಡಿಮೆಯಾದಾಗ ಹೃದಯದ ಪೊಟ್ಯಾಷಿಯಂ ದ್ವಾರಗಳು ಇನ್ನಷ್ಟು ಮಂದವಾಗುತ್ತವೆ. ರಾತ್ರಿ ಆರೋಗ್ಯವಾಗಿ ಮಲಗಿದ್ದ, ಇನ್ಸುಲಿನ್ ತೆಗೆದುಕೊಳ್ಳುವ ಕೆಲವು ತರುಣರು ಬೆಳಗ್ಗೆ ಹಾಸಿಗೆಯಲ್ಲೇ ಸತ್ತಿದ್ದನ್ನು ಬ್ರಿಟನ್ನಿನ ವೈದ್ಯರು 1991ರಲ್ಲಿ ವರದಿಮಾಡಿದರು. ರಾತ್ರಿ ಸಕ್ಕರೆ ಕುಸಿದು ಹೃದಯದ ತಾಳ ತಪ್ಪುವುದು ಇದಕ್ಕೆ ಪ್ರಬಲವಾದ ವಿವರಣೆ.

ಔಷಧಿಯ ಚೀಲ

ಮರುದಿನ ಮಗ ಮನೆಯಿಂದ ತಾಯಿಯ ಔಷಧಿಗಳ ಚೀಲ ತಂದರು. ಆರು ತಿಂಗಳಿಗೆ ಸಾಲುವಷ್ಟು ಮಾತ್ರೆಗಳು. ಸಕ್ಕರೆಗೆ ಗ್ಲಿಮೆಪಿರೈಡ್; 'ಗ್ಯಾಸ್'ಗೆಂದು ವರ್ಷಗಳಿಂದ ಪ್ರತಿದಿನ ನುಂಗುತ್ತಿದ್ದ ಪ್ಯಾಂಟೊಪ್ರಜೋಲ್ ಮತ್ತು ಡೊಂಪೆರಿಡೋನ್ ಸೇರಿದ ಕ್ಯಾಪ್ಸೂಲ್; ಕೆಮ್ಮಿಗೆಂದು ಹಿಂದಿನ ಮೂರು ದಿನ ತಾವಾಗಿಯೇ ತೆಗೆದುಕೊಂಡಿದ್ದ ಅಜಿತ್ರೋಮೈಸಿನ್.

ಡೊಂಪೆರಿಡೋನ್ ಹೃದಯದ ಮುಖ್ಯವಾದ ಪೊಟ್ಯಾಷಿಯಂ ದ್ವಾರವನ್ನು ತಡೆಯುತ್ತದೆ. ಅಮೆರಿಕದಲ್ಲಿ ಅದರ ಸಾಮಾನ್ಯ ಮಾರಾಟಕ್ಕೆ ಅನುಮತಿಯಿಲ್ಲ. ಅಜಿತ್ರೋಮೈಸಿನ್ ಸಹ ಕ್ಯೂಟಿಯನ್ನು ಹಿಗ್ಗಿಸಬಲ್ಲದು. ಪ್ಯಾಂಟೊಪ್ರಜೋಲನ್ನು ಬಹುಕಾಲ ಸೇವಿಸಿದರೆ ಮೆಗ್ನೀಷಿಯಂ ಕಡಿಮೆಯಾಗಬಹುದು. ಅವರಲ್ಲಿ ಆಗಿತ್ತು ಕೂಡ. ಈ ಔಷಧಿಗಳು ಅನೇಕರಿಗೆ ತೊಂದರೆ ಕೊಡುವುದಿಲ್ಲ. ಆದರೆ ಮಧುಮೇಹದಿಂದ ಮೊದಲೇ ಬಳಲಿದ ದ್ವಾರಗಳ ಮೇಲೆ ಇವೆಲ್ಲವೂ ಒಟ್ಟಿಗೆ ಬಿದ್ದಿದ್ದವು. ಅದರ ಮೇಲೆ ಉಪವಾಸ.

ಆದ್ದರಿಂದ ಮಧುಮೇಹವಿರುವ ಓದುಗರಲ್ಲಿ, ಊರಿನಿಂದ ಹಿರಿಯರನ್ನು ಕರೆಸಿಕೊಳ್ಳುವವರಲ್ಲಿ ನನ್ನ ವಿನಂತಿ ಇಷ್ಟೆ. ಇ.ಸಿ.ಜಿ. ತೆಗೆದಾಗ ಕ್ಯೂಟಿ ಎಷ್ಟಿದೆಯೆಂದು ಕೇಳಿ. ಹೊಸ ಔಷಧಿ ಕೊಡುವ ವೈದ್ಯರಿಗೆ ಊರಿಂದ ತಂದ ಮಾತ್ರೆಗಳನ್ನೂ ತೋರಿಸಿ. ಉಪವಾಸದ ದಿನ ಮಾತ್ರೆ ಅಥವಾ ಇನ್ಸುಲಿನ್ ಎಷ್ಟು ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕೂಡಲೇ ಸಿಹಿ ತೆಗೆದುಕೊಳ್ಳಿ. ಪ್ರಜ್ಞೆ ತಪ್ಪಿದ್ದನ್ನು ಬರಿಯ ನಿಶ್ಶಕ್ತಿಯೆಂದು ತಳ್ಳಿಹಾಕಬೇಡಿ. ಹಾಗೆಂದು ನಿತ್ಯದ ಔಷಧಿಗಳನ್ನು ನಿಮ್ಮಷ್ಟಕ್ಕೆ ನಿಲ್ಲಿಸಲೂಬೇಡಿ.

ಎರಡು ಔಷಧಿ ನಿಲ್ಲಿಸಿ, ಮೆಗ್ನೀಷಿಯಂ ಕೊಟ್ಟ ಮೇಲೆ ನಾಲ್ಕು ದಿನಗಳಲ್ಲಿ ಅವರ ಕ್ಯೂಟಿ 455ಕ್ಕೆ ಇಳಿಯಿತು. ಗ್ಲಿಮೆಪಿರೈಡ್ ಬದಲಿಗೆ, ಸಕ್ಕರೆಯನ್ನು ಹಾಗೆ ಕುಸಿಯಗೊಡದ ಬೇರೊಂದು ಮಾತ್ರೆ ಬರೆದುಕೊಟ್ಟೆ. ಮನೆಗೆ ಹೊರಡುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಮುಂದಿನ ಏಕಾದಶಿ ಮಾಡಬಹುದೇ? ನಿರಾಹಾರ ಬೇಡ, ಹಾಲು ಹಣ್ಣು ತಪ್ಪಿಸಬೇಡಿ ಎಂದೆ. ಒಪ್ಪಿಕೊಂಡರು.