ನೀರಿನೊಳಗಣ ವಿಷವನ್ನು ತೋರಿಸುವ ಇಂಗಾಲದ ನಳಿಕೆಗಳು

ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿಯ ಸೀಮೆಯು ತುಂಗಭದ್ರೆಯ ನೀರಿನಿಂದ ಭತ್ತ ಬೆಳೆಯುವ ಸೀಮೆ. ಪೈರಿಗೆ ಸಿಂಪಡಿಸಿದ ಕೀಟನಾಶಕದ ಅಂಶವು ಬಸಿಗಾಲುವೆಗೂ ಬಾವಿಗೂ ಸೇರಬಲ್ಲುದು. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಕೊಳವೆಬಾವಿಗಳಲ್ಲಿಯಾದರೋ ಬಂಡೆಯಿಂದ ಕರಗಿ ಬಂದ ಫ್ಲೋರೈಡಿನ ಬಾಧೆಯುಂಟು. ಅಲ್ಪ ಪ್ರಮಾಣದಲ್ಲಿ ಇವು ಕಣ್ಣಿಗೂ ನಾಲಗೆಗೂ ತಿಳಿಯವು. ಆದುದರಿಂದ ತಿಳಿನೀರೆಲ್ಲ ಶುದ್ಧನೀರೆಂದು ನಂಬಲಾಗದು.

ಇಂತಹ ಅಂಶಗಳನ್ನು ಕಂಡುಹಿಡಿಯಲು ವಿಜ್ಞಾನಿಗಳು ಇಂಗಾಲದ ನ್ಯಾನೋನಳಿಕೆಗಳನ್ನು ಉಪಯೋಗಿಸುತ್ತಿರುವರು. ಇವುಗಳ ರಚನೆಯನ್ನು 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಎಂಬವರು ವಿವರಿಸಿದರು. ಒಂಟಿಗೋಡೆಯ ನಳಿಕೆಯ ದಪ್ಪವು ಸುಮಾರು 1 ನ್ಯಾನೋಮೀಟರು, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಅದರ ಪರಮಾಣುಗಳೆಲ್ಲವೂ ಹೊರಮೈಯಲ್ಲಿಯೇ ಇರುವುದರಿಂದ, ಸ್ವಲ್ಪ ಪದಾರ್ಥವು ತಗುಲಿದರೂ ಅದರೊಳಗಣ ವಿದ್ಯುತ್ತಿನ ಹರಿವು ವ್ಯತ್ಯಾಸವಾಗುವುದು. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕವನ್ನು ಗುರುತಿಸಬೇಕಾದರೆ ನಳಿಕೆಗಳ ಮೇಲೆ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕೂಡಿಸುವರು. ಕೀಟದ ನರಗಳಲ್ಲಿ ಮದ್ದು ತಡೆಯುವುದು ಈ ಕಿಣ್ವವನ್ನೇ. ಇಲ್ಲಿಯೂ ಅದು ತಡೆಯಲ್ಪಡಲು, ಯಂತ್ರದಲ್ಲಿ ವಿದ್ಯುತ್ತು ಕುಗ್ಗುವುದು. ಕುಗ್ಗಿದಷ್ಟೂ ವಿಷವು ಹೆಚ್ಚೆಂದು ತಿಳಿಯಬೇಕು.

ಹೊಳೆಯ ನೀರಿನ ಲವಣ, ಕೆಸರುಗಳೂ ಈ ಸೂಚಕವನ್ನು ಕೆಡಿಸುವ ಕಾರಣ, ಇಂತಹ ಸಾಧನಗಳು ಬಹುಮಟ್ಟಿಗೆ ಪ್ರಯೋಗಶಾಲೆಗಳಲ್ಲಿಯೇ ಉಳಿದಿರುವುವು. ಅವು ಹಳ್ಳಿಗೆ ಬರುವವರೆಗೆ ಕಾದು ಕುಳಿತಿರಲಾಗದು. ಗ್ರಾಮದ ಗೌಡರೂ ಜಮೀನುದಾರರೂ ಕುಡಿಯುವ ನೀರನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಅನಂತರವೊಮ್ಮೆ ಪರೀಕ್ಷೆ ಮಾಡಿಸತಕ್ಕದ್ದು. ಫ್ಲೋರೈಡಿನ ಪರೀಕ್ಷೆಗೆ ಪ್ಲಾಸ್ಟಿಕ್ ಶೀಸೆಯಲ್ಲಿಯೂ, ಕೀಟನಾಶಕದ ಪರೀಕ್ಷೆಗೆ ಗಾಜಿನ ಶೀಸೆಯಲ್ಲಿಯೂ ನೀರು ತುಂಬಬೇಕು. ಭಾರತೀಯ ಮಾನಕದ ಪ್ರಕಾರ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಮಿನೊಳಗಿರಬೇಕು. ಬೇರೆ ನೀರು ದೊರೆಯದಲ್ಲಿ 1.5ರವರೆಗೆ ಸಲ್ಲುವುದು. ಕುದಿಸಿದರೆ ಫ್ಲೋರೈಡು ಹೋಗದು. ನೀರು ಬತ್ತಿ ಅದರ ಪ್ರಮಾಣವೇ ಏರುವುದು. ಮದ್ದು ಸಿಂಪಡಿಸಿದ ಪಂಪು, ಡಬ್ಬಿಗಳನ್ನು ಕಾಲುವೆಯಲ್ಲಿ ಎಂದಿಗೂ ತೊಳೆಯಕೂಡದು.