ಸೈಕಲ್ ಲೇನ್ ಕಿತ್ತರೆ ಟ್ರಾಫಿಕ್ ಕರಗುತ್ತಾ?

ಟೊರೊಂಟೊದ ಬ್ಲೋರ್, ಯಂಗ್, ಯೂನಿವರ್ಸಿಟಿ ರಸ್ತೆಗಳಲ್ಲಿ ಸೈಕಲ್ ಲೇನ್ ಹಾಕಿದ್ದು ನಗರಾಡಳಿತ. ಅವನ್ನ ಕೀಳೋಕೆ 2024ರ ನವೆಂಬರ್‌ನಲ್ಲಿ ಕಾನೂನು ತಂದಿದ್ದು ಒಂಟಾರಿಯೊ ಪ್ರಾಂತ್ಯ ಸರ್ಕಾರ. ಕೆನಡಾದಲ್ಲಿ ನಗರಗಳಿಗೆ ಅಧಿಕಾರ ಕೊಡೋದೇ ಪ್ರಾಂತ್ಯ, ಹಾಗಾಗಿ ಕಿತ್ತುಕೊಳ್ಳೋದೂ ಸುಲಭ.

ಕೊಟ್ಟ ಕಾರಣ, ಟ್ರಾಫಿಕ್. ಆದರೆ ಪೇಟೆಯೊಳಗೆ ಕಾರುಗಳ ವೇಗವನ್ನ ಹೆಚ್ಚಾಗಿ ಕಟ್ಟಿಹಾಕೋದು ಸಿಗ್ನಲ್‌ಗಳು. ಲೇನ್ ಅಗಲಿಸಿದರೆ, ಅಲ್ಲಿವರೆಗೂ ಆ ಕಡೆ ಬರದ ಕಾರುಗಳೂ ಬಂದು ತುಂಬ್ಕೋತವೆ. ಲೇನ್ ಕಿತ್ತರೆ ದಟ್ಟಣೆ ತಗ್ಗದೇ ಇರಬಹುದು, ಅಪಘಾತ ಹೆಚ್ಚಬಹುದು ಅಂತ ಸರ್ಕಾರಕ್ಕೆ ಒಳಗಿಂದಲೇ ಸಲಹೆ ಬಂದಿತ್ತು. ಕೇಳಿಸಿಕೊಂಡ್ರಾ? ಇಲ್ಲ!

2025ರ ಜುಲೈ 30ಕ್ಕೆ ನ್ಯಾಯಮೂರ್ತಿ ಪಾಲ್ ಶಾಬಸ್ ತೀರ್ಪು ಕೊಟ್ಟರು: ಸೈಕಲ್ ಲೇನ್ ಸಾಂವಿಧಾನಿಕ ಹಕ್ಕಲ್ಲ; ಆದರೆ ಪುರಾವೆಯಿಲ್ಲದ ಲಾಭಕ್ಕಾಗಿ ಸವಾರರ ಜೀವವನ್ನ ಅಪಾಯಕ್ಕೆ ಒಡ್ಡೋದು ಸಂವಿಧಾನಬಾಹಿರ. ಸರ್ಕಾರ ಮೇಲ್ಮನವಿ ಹಾಕಿತು.