ಗುಟ್ಟು ಮಾಡದೆ ಹಂಚಿದ ಅಣು

ತುಮಕೂರಿನ ಸದಾಶಿವನಗರದಿಂದ ವರ್ಕ್ ಫ್ರಮ್ ಹೋಮ್ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್ ನಾನು. ಓಪನ್ ಸೋರ್ಸ್ ಕೋಡ್ ಇಲ್ಲದೆ ನನ್ನ ಒಂದು ದಿನವೂ ಸಾಗಲ್ಲ. ಕ್ಯಾನ್ಸರ್ ಸಂಶೋಧನೆಯಲ್ಲೂ ಹೀಗೆ ಹಂಚಿಕೊಂಡವರಿದ್ದಾರೆ, ಗೊತ್ತಾ?

ನಟ್ ಕಾರ್ಸಿನೋಮ ಅನ್ನೋದು ತೀರಾ ಅಪರೂಪದ, ಬಹಳ ಬೇಗ ಹರಡುವ ಸ್ಕ್ವೇಮಸ್ ಕ್ಯಾನ್ಸರ್. ಹೆಚ್ಚಾಗಿ ಎದೆ, ತಲೆ, ಕತ್ತಿನ ಭಾಗದಲ್ಲಿ ಬರುತ್ತೆ. ಸಿಗರೇಟು ಮುಟ್ಟದ ಹುಡುಗ-ಹುಡುಗಿಯರನ್ನೂ ಬಿಡಲ್ಲ. ಸಾಮಾನ್ಯವಾಗಿ 15 ಮತ್ತು 19ನೇ ಕ್ರೋಮೋಸೋಮುಗಳು ತುಂಡಾಗಿ, ಅದಲುಬದಲಾಗಿ ಅಂಟಿಕೊಂಡು ಎರಡು ಜೀನ್‌ಗಳು ಒಂದಾಗೋದೇ ಇದರ ಮೂಲ. ಅಪ್ಪ-ಅಮ್ಮನಿಂದ ಬರುವ ಕಾಯಿಲೆ ಅಲ್ಲ. ಜೀವಕೋಶ ಬಲಿಯದೆ ಬರೀ ವಿಭಜನೆ ಆಗ್ತಾನೇ ಇರುತ್ತೆ.

2010ರಲ್ಲಿ ಬಾಸ್ಟನ್‌ನ ಡಾನಾ-ಫಾರ್ಬರ್ ಸಂಸ್ಥೆಯ ಜೇಮ್ಸ್ ಬ್ರಾಡ್ನರ್ ತಂಡ, ಈ ಬೆಸೆದ ಪ್ರೋಟೀನಿಗೆ ಅಡ್ಡಗಾಲು ಹಾಕುವ ‘ಜೆಕ್ಯೂ1’ ಅಣುವನ್ನು ಪ್ರಕಟಿಸಿತು. ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ತಗ್ಗಿತು. ರಚನೆಯನ್ನು ಬಚ್ಚಿಡದೆ, ಬೇರೆ ಲ್ಯಾಬ್‌ಗಳಿಗೂ ಅಣುವನ್ನು ಕಳಿಸಿಕೊಟ್ಟರು. ಜೆಕ್ಯೂ1 ಔಷಧಿಯಾಗಲಿಲ್ಲ, ಆದರೆ ಅದೇ ಬಗೆಯ ಔಷಧಿಗಳು ರೋಗಿಗಳ ಮೇಲಿನ ಪ್ರಯೋಗದ ಹಂತಕ್ಕೆ ಬಂದವು. ಪೂರ್ತಿ ಗುಣಪಡಿಸುವ ಚಿಕಿತ್ಸೆ ಇನ್ನೂ ಕೈಗೆ ಬಂದಿಲ್ಲ.

ಪತ್ತೆಗೆ ಮಾತ್ರ ದಾರಿಯಿದೆ. ಬಯಾಪ್ಸಿ ತುಣುಕಿನಲ್ಲಿ ನಟ್ ಪ್ರೋಟೀನ್ ಇದೆಯಾ ಅಂತ ಸ್ಟೇನ್ ಹಾಕಿ ನೋಡ್ತಾರೆ. ನೋಡದಿದ್ದರೆ ಬೇರೆ ಕ್ಯಾನ್ಸರ್ ಅಂದುಕೊಂಡೇ ಅಮೂಲ್ಯವಾದ ವಾರಗಳು ಜಾರಿಹೋಗಬಹುದು. ಮನೆಯ ಚಿಕ್ಕ ವಯಸ್ಸಿನವರ ರಿಪೋರ್ಟಿನಲ್ಲಿ ‘ಪೂರ್ಲಿ ಡಿಫರೆನ್ಷಿಯೇಟೆಡ್’ ಅಂತಿದ್ದರೆ ಸಂಕೋಚ ಬೇಡ. ‘ಡಾಕ್ಟ್ರೇ, ನಟ್ ಟೆಸ್ಟ್ ಮಾಡಿಸಬೇಕಾ?’ ಅಂತ ಕೇಳಿಬಿಡಿ.